ಹನ್ನೊಂದನೇ ಮಂಚದ ಗುಂಡಿ

ಮಾರ್ಚ್ 3, ಸೋಮವಾರ

ಯಾರಿಗೂ ಹೇಳಬೇಡ ಎಂದು ಇವರು ಆಣೆ ಹಾಕಿಸಿಕೊಂಡಿದ್ದಾರೆ. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಅದಕ್ಕೇ ಈ ಡೈರಿ. ಇದಕ್ಕೆ ಹೇಳಿದರೆ ಆಣೆ ಮುರಿದಂತಾಗುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ.

ಗಂಟಲಿನ ಡಾಕ್ಟರು ಇವತ್ತು ರಿಪೋರ್ಟ್ ಹಿಡಿದುಕೊಂಡು ನಮ್ಮಿಬ್ಬರನ್ನೂ ಕೂರಿಸಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು. ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತಾರೆ, ಇನ್ನು ಮುಂದೆ ಉಸಿರಾಟ ಅದರಲ್ಲೇ. ಮಾತು ಇರುವುದಿಲ್ಲ. "ನಿಮಗೇನಾದ್ರೂ ಕೇಳೋದಿದ್ಯಾ?" ಎಂದು ಡಾಕ್ಟರು ಇವರನ್ನು ಕೇಳಿದರು. ಇವರು ಬಾಯಿ ತೆರೆಯುವಷ್ಟರಲ್ಲಿ ನಾನೇ ಶುರು ಮಾಡಿದೆ. ಯಾವತ್ತು, ವಾರ್ಡಿನಲ್ಲಿ ಎಷ್ಟು ದಿನ, ಯಾವ ಮಂಚ? ಒಬ್ಬರಾದರೂ ತಲೆ ನೆಟ್ಟಗೆ ಇಟ್ಟುಕೊಳ್ಳಬೇಕಲ್ಲ. ಇಪ್ಪತ್ತನೇ ತಾರೀಕು ಆಪರೇಷನ್. ಮೂರನೇ ಮಹಡಿ, ಹನ್ನೊಂದನೇ ಮಂಚ.

ಇವರ ಕೆಲಸವೇ ಗಂಟಲಿನದು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಹೇಳುವುದು. ಊರಿನ ಅರ್ಧ ಜನಕ್ಕೆ ಇವರ ಮುಖ ಗೊತ್ತಿಲ್ಲ, ಸ್ವರ ಗೊತ್ತು. ಮನೆಯಲ್ಲಿ ಮಾತ್ರ ಮೈಕು ಹೆಂಡತಿ ಕೈಯಲ್ಲಿ ಎಂದು ಇವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ನಾನು ಇದೇ ಆಸ್ಪತ್ರೆಯ ಕಂಪ್ಯೂಟರು, ವೈಫೈ ನೋಡಿಕೊಳ್ಳುವವಳು. ಡಾಕ್ಟರ ಕೋಣೆಯಿಂದ ಹೊರಗೆ ಬಂದರೆ ದೊಡ್ಡ ಸಿಸ್ಟರ್ ಎದುರಾದರು. ಗಂಟಲು ವಾರ್ಡು ಅವರ ರಾಜ್ಯ. ನನ್ನ ಮುಖ ಕೂಡ ನೋಡದೆ, "ಮೇಡಂ, ಬೆಲ್ ಗುಂಡಿ ಕೈ ಕೊಡ್ತಾ ಇದೆ. ಪೇಷಂಟ್‌ಗಳು ಒತ್ತಿದ್ರೂ ಒಂದೊಂದ್ಸಲ ನಮಗೆ ಬರೋದೇ ಇಲ್ಲ" ಎಂದರು. ದಿನಾ ಬರುವ ಹತ್ತು ದೂರುಗಳಲ್ಲಿ ಇದೂ ಒಂದು. ಇವತ್ತು ಮಾತ್ರ ಅದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಂಡೆ.

ಮಾರ್ಚ್ 4, ಮಂಗಳವಾರ

ಆ ವಾರ್ಡಿಗೆ ಬಣ್ಣ ಬಳಿದಾಗ ಹಳೆಯ ತಂತಿಯ ಬೆಲ್ಲುಗಳನ್ನು ಕಿತ್ತು ಎಸೆದರು. ಈಗ ಪ್ರತಿ ರೋಗಿಯ ಕೊರಳಿನಲ್ಲೂ ಬೆಂಕಿಪೊಟ್ಟಣದಷ್ಟು ಒಂದು ಗುಂಡಿ, ಸಿಗ್ನಲ್ ಕಡ್ಡಿ ತೋರಿಸುವ ಪುಟ್ಟ ಪರದೆ ಸಮೇತ. ಒತ್ತಿದರೆ ಅದು ವೈಫೈ ಹಿಡಿದು ಸಿಸ್ಟರುಗಳ ಮೇಜಿನ ಮೇಲಿನ ಫಲಕಕ್ಕೆ ಹೋಗಬೇಕು, ಅಲ್ಲಿ ಮಂಚದ ನಂಬರು ಹೊತ್ತಿಕೊಂಡು ಬೆಲ್ ಆಗಬೇಕು. ನಡುವೆ ಕೆಲಸ ಮಾಡುವುದು ಚಾವಣಿಗೆ ಕಚ್ಚಿಸಿದ ಬಿಳಿ ತಟ್ಟೆಗಳು. ಅವೇ ವೈಫೈ ಹರಡುವ ಆಕ್ಸೆಸ್ ಪಾಯಿಂಟ್. ಬೇರೆ ವಾರ್ಡಿನಲ್ಲಿ ಬೆಲ್ ಆಗದಿದ್ದರೆ ಜನ "ಸಿಸ್ಟರ್!" ಎಂದು ಅರಚುತ್ತಾರೆ. ಇಲ್ಲಿ ಅರಚುವವರೇ ಇಲ್ಲ. ಕುತ್ತಿಗೆಯ ತೂತಿಗೆ ಕಫ ಕಟ್ಟಿಕೊಂಡರೆ ಇರುವುದು ಕೆಲವೇ ನಿಮಿಷ.

ಇವತ್ತು ಮಹಡಿಯ ಎಲ್ಲ ತಟ್ಟೆಗಳ ರೇಡಿಯೊ ಪವರ್ ಅನ್ನು ತುದಿ ಮುಟ್ಟುವವರೆಗೆ ಏರಿಸಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಮೂಲೆಮೂಲೆ ನಡೆದೆ. ಎಲ್ಲಿ ನಿಂತರೂ ಸಿಗ್ನಲ್ ಕಡ್ಡಿ ಭರ್ತಿ. ಯಾವ ಗೋಡೆ ಅಡ್ಡ ಬರುತ್ತದೋ ಬರಲಿ! ಮನೆಗೆ ಬಂದು ಇವರಿಗೆ ಹೇಳಿದೆ, "ರೀ, ನಿಮ್ಮ ವಾರ್ಡಿಗೆ ಕಿವಿ ಕಿತ್ತುಹೋಗೋ ಹಾಗೆ ಸಿಗ್ನಲ್ ಕೊಟ್ಟಿದೀನಿ." ಇವರು, "ಅದಲ್ಲ ಕಣೇ, ನನಗೆ..." ಎಂದರು. "ಗೊತ್ತು, ಊಟ ತಾನೇ? ಬಿಸಿ ಮಾಡ್ತೀನಿ ಇರಿ" ಎಂದು ಎದ್ದೆ.

ಮಾರ್ಚ್ 8, ಶನಿವಾರ



ಹದಿನಾಲ್ಕನೇ ಮಂಚದಲ್ಲಿ ಒಬ್ಬ ವಯಸ್ಸಾದ ದರ್ಜಿ ಇದ್ದಾರೆ. ಹೋದ ವಾರ ಆಪರೇಷನ್ ಆದವರು. ಬೆಳಿಗ್ಗೆ ಅವರಿಗೆ ಕಫ ಕಟ್ಟಿಕೊಂಡಿದೆ. ಗುಂಡಿ ಒತ್ತಿದ್ದಾರೆ. ಒತ್ತುತ್ತಲೇ ಇದ್ದಾರೆ. ಕಾರಿಡಾರಿನ ತುದಿಯ ಮೇಜಿನ ಹಿಂದೆ ಇಬ್ಬರು ಸಿಸ್ಟರುಗಳು ಕೂತೇ ಇದ್ದರು, ಫಲಕ ತೆಪ್ಪಗಿತ್ತು. ನೆಲ ಒರೆಸುವಾಕೆ ಬಕೆಟ್ ಹಿಡಿದು ಒಳಗೆ ಹೋದವಳು ಅವರ ತುಟಿ ನೀಲಿಯಾಗಿದ್ದನ್ನು ನೋಡಿ ಕಿರುಚಿಕೊಂಡಳಂತೆ. ಸಿಸ್ಟರುಗಳು ಓಡಿಹೋಗಿ ಕಫ ತೆಗೆದರು. ಬದುಕಿದರು.

ದೊಡ್ಡ ಸಿಸ್ಟರ್ ನೇರ ನನ್ನ ಕೋಣೆಗೆ ಬಂದು ಆ ಗುಂಡಿಯನ್ನು ಮೇಜಿನ ಮೇಲಿಟ್ಟರು. "ನೋಡಿ, ಈಗಲೂ ಕಡ್ಡಿ ಭರ್ತಿ ಇದೆ. ಏನ್ ಹೇಳ್ತೀರಿ?"



ಆಡಳಿತಾಧಿಕಾರಿಯ ಹತ್ತಿರ ಓಡಿದೆ. ತಂತಿ ಬೆಲ್ ವಾಪಸ್ ಹಾಕಿಸಿ ಎಂದೆ. ಗೋಡೆ ಒಡೆಯಬೇಕು, ವಾರ್ಡು ಖಾಲಿ ಮಾಡಿಸಬೇಕು, ಬರುವ ಮಳೆಗಾಲ ಮುಗಿದ ಮೇಲೆ ನೋಡೋಣ ಎಂದರು. ಗುಂಡಿ ಕಂಪನಿಗೆ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂದ ಅಲ್ಲಿಯವನು. ಮಾಡಿದ್ದೇನೆ ಅಂದೆ. ಇನ್ನೊಂದ್ಸಲ ಮಾಡಿ, ಮುಂದಿನ ತಿಂಗಳು ನಮ್ಮ ಎಂಜಿನಿಯರ್ ಬರ್ತಾರೆ ಅಂದ. ಆಪರೇಷನ್ ಮುಂದೂಡಬಹುದೇ ಎಂದು ಗಂಟಲಿನ ಡಾಕ್ಟರನ್ನು ಕೇಳಿದೆ. ಅವರು ತಲೆಯಾಡಿಸಿ, "ಒಂದು ವಾರ ಕೂಡ ಆಗಲ್ಲಮ್ಮ" ಎಂದರು. ರೋಗಿಯ ಕಡೆಯವರು ಆ ವಾರ್ಡಿನಲ್ಲಿ ಉಳಿಯುವಂತಿಲ್ಲ, ನಾನು ಇಲ್ಲಿಯವಳೇ ಆದರೂ. ಇಡೀ ಮಹಡಿಗೆ ಇರುವುದು ಇಬ್ಬರೇ ಸಿಸ್ಟರುಗಳು. "ಆಗಾಗ ಒಂದು ಸುತ್ತು ಹೊಡೀತೀವಿ, ಅಷ್ಟೇ ನಮ್ಮ ಕೈಲಾಗೋದು" ಎಂದರು ದೊಡ್ಡ ಸಿಸ್ಟರ್.

ಅಂದರೆ ಇಪ್ಪತ್ತನೇ ತಾರೀಕಿನೊಳಗೆ ನಾನೇ ಸರಿಮಾಡಬೇಕು. ಇಲ್ಲದಿದ್ದರೆ ಇವರು ಅಲ್ಲಿ ಮಲಗಿ ಗುಂಡಿ ಒತ್ತುತ್ತಾರೆ, ಯಾರೂ ಬರುವುದಿಲ್ಲ.

ಮಾರ್ಚ್ 10, ಸೋಮವಾರ

ಇನ್ನೂ ಎರಡು ತಟ್ಟೆ ಹಾಕಿಸಿದೆ. ಅವಕ್ಕೂ ಪೂರ್ತಿ ಪವರ್. ಪರಿಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿತು. ಮೊದಲು ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದ ಬೆಲ್ ಈಗ ಎರಡಕ್ಕೆ ಒಂದು ತಪ್ಪುತ್ತಿದೆ. ಯಾಕೆ ಎಂದು ತಲೆ ಚಚ್ಚಿಕೊಂಡರೂ ಹೊಳೆಯುತ್ತಿಲ್ಲ.

ವಾರ್ಡಿನವರು ನನ್ನನ್ನು ನಂಬುವುದನ್ನು ಬಿಟ್ಟಿದ್ದಾರೆ. ಪ್ರತಿಯೊಬ್ಬರೂ ಮನೆಯಿಂದ ಸ್ಟೀಲ್ ಲೋಟ ತರಿಸಿಕೊಂಡು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಏನು ಬೇಕಾದರೂ ಮಂಚದ ಕಂಬಿಗೆ ಲೋಟ ಬಡಿಯುತ್ತಾರೆ. ನಾನು ಏಣಿ ಹತ್ತಿ ನಿಂತಾಗ ಕೆಳಗಿನಿಂದ ಠಣ್ ಠಣ್. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು.

ಮಾರ್ಚ್ 11, ಮಂಗಳವಾರ

ಇವರ ಅಕ್ಕ ಬಂದಿಳಿದರು. ಬಸ್ ನಿಲ್ದಾಣದಲ್ಲಿ ತಮ್ಮನ ಸ್ವರ ಕೇಳಿ, ಒಡಕು ಗೊತ್ತಾಗಿ, ಹತ್ತಬೇಕಾದ ಬಸ್ಸು ಬಿಟ್ಟು ನಮ್ಮ ಮನೆಗೆ ನಡೆದುಬಂದಿದ್ದಾರೆ. "ಏನ್ ಮುಚ್ಚಿಡ್ತಿದೀರಿ ಇಬ್ರೂ? ಅವನ ಗಂಟಲು ನನಗೆ ಗೊತ್ತಿಲ್ವಾ? ಎತ್ತಿ ಆಡಿಸಿದೋಳು ನಾನು." ನನ್ನ ಆಣೆ ಇನ್ನು ಯಾರಿಗೆ ಬೇಕು, ಎಲ್ಲ ಹೇಳಿಬಿಟ್ಟೆ. ಅತ್ತಿಗೆ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿ, ನನ್ನ ಡಬ್ಬಿಗಳನ್ನೆಲ್ಲ ಬೇರೆ ಕಡೆ ಜೋಡಿಸಿಬಿಟ್ಟರು. ಉಪ್ಪು ಹುಡುಕುವುದೇ ಒಂದು ಕೆಲಸವಾಗಿದೆ.

ಊಟಕ್ಕೆ ಕೂತಾಗ ಇವರು, "ನನಗೆ ಒಂದು ಮಾತು..." ಎಂದರು. "ಬೆಲ್ ಬಗ್ಗೆ ತಾನೇ? ನೀವು ತಲೆ ಕೆಡಿಸ್ಕೋಬೇಡಿ, ನಾನಿದೀನಲ್ಲ!" ಎಂದು ರೇಗಿದೆ. ಸದ್ದು ಮಾಡಿದ ಊಟದ ತಟ್ಟೆ ನನ್ನದೋ ಅತ್ತಿಗೆಯದೋ ಗೊತ್ತಿಲ್ಲ. "ಹೋಗ್ಲಿ ಬಿಡು" ಎಂದು ಇವರು ಕೈ ತೊಳೆದರು.

ಮಾರ್ಚ್ 13, ಗುರುವಾರ

ಪರೀಕ್ಷೆಗಳಿಗೆಂದು ಇವರನ್ನು ಇವತ್ತು ಒಂದು ದಿನ ವಾರ್ಡಿಗೆ ಸೇರಿಸಿದ್ದರು. ಹನ್ನೊಂದನೇ ಮಂಚವೇ. ಮಧ್ಯಾಹ್ನ ವಾರ್ಡು ಮಲಗಿದ್ದಾಗ ಗುಂಡಿ ಪರೀಕ್ಷೆ ಮಾಡೋಣ ಎಂದೆ. ನಾನು ಸಿಸ್ಟರ್ ಮೇಜಿನ ಹತ್ತಿರ ನಿಂತೆ. "ಒತ್ತಿದ್ರಾ?" ಎಂದು ಕಾರಿಡಾರಿನಲ್ಲಿ ಕೂಗಿದೆ. "ಒತ್ತಿದೇ..." ಎಂದು ನಿಲ್ದಾಣದ ಸ್ವರದಲ್ಲಿ ಉತ್ತರ ಬಂತು, ಒಡೆದ ಸ್ವರವೇ ಆದರೂ. ಬೆಲ್ ಆಗಿರಲಿಲ್ಲ. "ಮತ್ತೆ ಒತ್ತಿ!" "ಒತ್ತಿದೇ!" ಹೀಗೆ ಕೂಗಾಡುತ್ತಿದ್ದೆವು. ದೊಡ್ಡ ಸಿಸ್ಟರ್ ತಲೆಯೆತ್ತದೆ, "ಹೀಗೆ ಕೂಗೋ ಹಾಗಿದ್ರೆ ನಮಗೆ ಬೆಲ್ಲೇ ಬೇಡ ಮೇಡಂ" ಎಂದರು.

ಸರಿ, ಇನ್ನು ಬಾಯಿ ತೆರೆಯಬೇಡಿ, ಸುಮ್ಮನೆ ಒತ್ತಿ ಎಂದು ಹೇಳಿಬಂದೆ. ಫಲಕದ ಮುಂದೆ ನಿಂತೆ.

ಏನೂ ಇಲ್ಲ. ಇವರು ಒತ್ತುತ್ತಿದ್ದಾರೋ, ಒತ್ತಲು ಮರೆತರೋ, ನಿದ್ದೆಹೋದರೋ ನನಗೆ ಹೇಗೆ ಗೊತ್ತಾಗಬೇಕು? ಕೂಗಿ ಕೇಳೋಣ ಎಂದು ಬಾಯಿ ತೆರೆದೆ, ಇಪ್ಪತ್ತರ ನಂತರ ಕೂಗಿದರೂ ಉತ್ತರ ಬರುವುದಿಲ್ಲ ಎಂಬುದು ಆಗ ತಲೆಗೆ ಹೋಯಿತು. ಅಲ್ಲಿಯವರೆಗೆ ಅದು ರಿಪೋರ್ಟಿನ ಮಾತಾಗಿತ್ತು. ಓಡಿದೆ. ಇವರು ಗೋಡೆಗೆ ಒರಗಿ ಕೂತು ಗುಂಡಿ ಒತ್ತುತ್ತಲೇ ಇದ್ದರು, ಹೆಬ್ಬೆರಳು ಬೆಳ್ಳಗಾಗಿತ್ತು. ನನ್ನ ಮುಖ ನೋಡಿ ನಕ್ಕರು. ಮಾತಾಡಬೇಡಿ ಎಂದಿದ್ದೆನಲ್ಲ, ಮಾತಾಡಲಿಲ್ಲ.

ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 14, ಶುಕ್ರವಾರ

ಇವರು ಮನೆಗೆ ಬಂದರು, ಮಂಚ ಖಾಲಿಯಾಯಿತು. ನಾನೇ ಹೋಗಿ ಮಲಗಿದೆ. ಗುಂಡಿ ಕೊರಳಿಗೆ ಹಾಕಿಕೊಂಡೆ, ಹೊದಿಕೆ ಹೊದ್ದೆ, ರೋಗಿ ಹೇಗೆ ಮಲಗುತ್ತಾನೋ ಹಾಗೆ ಗೋಡೆ ಕಡೆ ಮಗ್ಗುಲಾದೆ. ಗುಂಡಿ ಎದೆಯ ಕೆಳಗೆ ಸಿಕ್ಕಿಕೊಂಡಿತು. ಒತ್ತಿದೆ. ಕಡ್ಡಿ ಭರ್ತಿ. ಯಾರೂ ಬರಲಿಲ್ಲ.

ಮಲಗಿಕೊಂಡೇ ಲ್ಯಾಪ್‌ಟಾಪಿನಲ್ಲಿ ನೋಡಿದೆ, ಗುಂಡಿ ಯಾವ ತಟ್ಟೆಯನ್ನು ಹಿಡಿದುಕೊಂಡಿದೆ ಎಂದು. ನನ್ನ ತಲೆಯ ಮೇಲೆ ಇರುವುದನ್ನಲ್ಲ, ಮೆಟ್ಟಿಲ ಹತ್ತಿರದ ದೂರದ ತಟ್ಟೆಯನ್ನು! ಅಷ್ಟು ದೂರದಿಂದಲೂ ಅದರ ಸದ್ದು ಇಲ್ಲಿಗೆ ಜೋರಾಗಿ ಬರುತ್ತಿದೆ, ಪವರ್ ಏರಿಸಿಟ್ಟವಳು ನಾನೇ. ಆದರೆ ಗುಂಡಿಯ ಬ್ಯಾಟರಿ ಎಷ್ಟು, ಅದರ ಕಸುವು ಎಷ್ಟು? ಅದಕ್ಕೆ ತಟ್ಟೆ ಹೇಳುವುದೆಲ್ಲ ಕೇಳುತ್ತದೆ. ಅದು ಹೇಳುವುದು ತಟ್ಟೆಯವರೆಗೆ ತಲುಪುವುದೇ ಇಲ್ಲ. ನಾನು ನೋಡಿಕೊಂಡು ಹಿಗ್ಗುತ್ತಿದ್ದ ಕಡ್ಡಿ, ಗುಂಡಿಗೆ ಎಷ್ಟು ಕೇಳಿಸುತ್ತಿದೆ ಎನ್ನುವುದರ ಲೆಕ್ಕ. ಅದರ ಮಾತು ಯಾರಿಗಾದರೂ ಕೇಳಿಸುತ್ತಿದೆಯೇ ಎಂದು ಕಡ್ಡಿ ಹೇಳುವುದಿಲ್ಲ. ಲ್ಯಾಪ್‌ಟಾಪಿಗೆ ಕಸುವಿದೆ, ಅದಕ್ಕೇ ಅದನ್ನು ಹಿಡಿದು ಓಡಾಡಿದಾಗ ಎಲ್ಲ ಸರಿಯಾಗಿ ಕಂಡಿತು. ಮೇಲಾಗಿ ಅರ್ಧಕ್ಕರ್ಧ ತಟ್ಟೆಗಳು ಒಂದೇ ಚಾನೆಲಿನಲ್ಲಿವೆ. ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿ ಕಾಯಬೇಕು, ಗುಂಡಿಯೂ ಕಾಯಬೇಕು. ಪವರ್ ಏರಿಸಿದಷ್ಟೂ ಒಂದರ ಗದ್ದಲ ಇನ್ನೊಂದಕ್ಕೆ.

ಇಷ್ಟು ದಿನ ಮಾಡಿದ್ದೆಲ್ಲ ತಲೆಕೆಳಗು. ಎಲ್ಲವನ್ನೂ ತಗ್ಗಿಸಬೇಕು.

"ಕಮ್ಮಿ ಮಾಡ್ತೀರಾ? ಇಷ್ಟಿದ್ದೇ ಕೆಲಸ ಮಾಡ್ತಿಲ್ಲ, ಇನ್ನೂ ಕಮ್ಮಿನಾ? ನಿದ್ದೆ ಗಿದ್ದೆ ಮಾಡಿದೀರಾ ಮೇಡಂ?" ಎಂದು ದೊಡ್ಡ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. ಇಲ್ಲ, ಮಾಡಿಲ್ಲ ಎಂದೆ. ನಾಳೆ ಬೆಳಿಗ್ಗೆ ಒಬ್ಬ ಸಿಸ್ಟರನ್ನು ವಾರ್ಡಿನ ಒಳಗೇ ಕೂರಿಸುತ್ತೇನೆ, ಅವಳು ಇರುವಾಗ ಮಾತ್ರ ಕೈ ಹಚ್ಚಿ ಎಂದರು.

ಮಾರ್ಚ್ 15, ಶನಿವಾರ

ಪವರ್ ಇಳಿಸುವಾಗ ಕೈ ಬರಲಿಲ್ಲ. ತಪ್ಪಿದರೆ?

ಒಂದೊಂದೇ ತಟ್ಟೆ ತಗ್ಗಿಸುವುದು, ಮಲಗುವುದು, ಒತ್ತುವುದು. ಅಕ್ಕಪಕ್ಕದವಕ್ಕೆ ಬೇರೆ ಬೇರೆ ಚಾನೆಲ್ ಕೊಡುವುದು, ಮತ್ತೆ ಮಲಗುವುದು. ಚಾನೆಲನ್ನು ತಟ್ಟೆಯೇ ಆರಿಸಿಕೊಳ್ಳಲಿ ಎಂಬ ಸೆಟ್ಟಿಂಗ್ ಇತ್ತು. ಅದು ಹಗಲಲ್ಲಿ ತನಗೆ ತೋಚಿದಾಗ ಚಾನೆಲ್ ಬದಲಿಸುತ್ತಿತ್ತು, ಗುಂಡಿಗಳು ದಿಕ್ಕು ತಪ್ಪುತ್ತಿದ್ದವು. ಅದನ್ನು ತೆಗೆದುಹಾಕಿದೆ. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಒತ್ತಿದ್ದೆಲ್ಲ ಬೆಲ್ ಆಯಿತು. ಹದಿನಾಲ್ಕರಲ್ಲೂ ಆಯಿತು, ಆದರೆ ದರ್ಜಿ ಅದನ್ನು ನೋಡಿ ತಲೆಯಾಡಿಸಿ, ಲೋಟವನ್ನು ಇನ್ನೂ ಹತ್ತಿರ ಎಳೆದುಕೊಂಡರು.

ಆಡಳಿತಾಧಿಕಾರಿ ಫೋನ್ ಮಾಡಿ, "ನನ್ನ ಕೋಣೆಯಲ್ಲಿ ವೈಫೈ ಒಂದು ಕಡ್ಡಿ ಕಮ್ಮಿ ತೋರಿಸ್ತಿದೆ" ಎಂದರು. ಇರಲಿ ಸರ್ ಎಂದೆ.

ಮಾರ್ಚ್ 17, ಸೋಮವಾರ

ಬಚ್ಚಲಿನಲ್ಲಿ ಆಗುವುದಿಲ್ಲ. ವಾರ್ಡಿನ ಬಚ್ಚಲು, ಟೈಲ್ಸ್ ಅಂಟಿಸಿದ ಗೋಡೆ, ಒಳಗೆಲ್ಲ ಕಬ್ಬಿಣದ ಪೈಪು. ಬಾಗಿಲು ಹಾಕಿಕೊಂಡು ಒತ್ತಿದರೆ ಹತ್ತರಲ್ಲಿ ನಾಲ್ಕು ಸತ್ತೇಹೋಗುತ್ತವೆ. ಇವರು ಬಚ್ಚಲಿಗೆ ಹೋಗದೆ ಇರುತ್ತಾರೆಯೇ? ಪವರ್ ಏರಿಸು, ಒಂದೇ ಒಂದು ಮೆಟ್ಟಿಲು ಏರಿಸು ಎಂದು ನನ್ನೊಳಗಿನಿಂದ ಯಾರೋ ಪೀಡಿಸುತ್ತಿದ್ದರು. ಏರಿಸಲಿಲ್ಲ. ಕಾರಿಡಾರಿನ ತಟ್ಟೆಯನ್ನು ಕಳಚಿ ಬಚ್ಚಲ ಬಾಗಿಲ ನೆತ್ತಿಗೆ ತಂದು ಕಚ್ಚಿಸಿದೆ. ತಂತಿ ಎಳೆಯುವಷ್ಟರಲ್ಲಿ ಮೈಯೆಲ್ಲ ಸುಣ್ಣದ ಪುಡಿ. ಹತ್ತಕ್ಕೆ ಒಂಬತ್ತು ಬಂತು. ಆ ಒಂದನ್ನು ಏನು ಮಾಡಲಿ?

ಊಟದ ಹೊತ್ತಿಗೆ ಇವರು, ಬಸ್ಸಿನ ನಂಬರಿಗೆ ಮುಂಚೆ ಒಂದು ಉಸಿರು ನಿಲ್ಲಿಸಬೇಕು, ಆಗ ಓಡುತ್ತಿರುವವನೂ ಕಿವಿಗೊಡುತ್ತಾನೆ ಎಂದು ಏನೇನೋ ಹೇಳಿದರು. ಎಷ್ಟೋ ಹೊತ್ತು ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ, ದಣಿದಿದ್ದೆನೇನೋ. ಮಲಗುವ ಮುಂಚೆ ಅತ್ತಿಗೆ, "ಹುಷಾರಾಗಿದೀಯಾ ತಾನೇ?" ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಮಾರ್ಚ್ 18, ಮಂಗಳವಾರ

ಬಂತು. ಹತ್ತಕ್ಕೆ ಹತ್ತು. ಹಳೆಯ ನಿಧಾನ ಫೋನುಗಳಿಗೆಂದು ಬಿಟ್ಟಿದ್ದ ಕಡಿಮೆ ವೇಗದ ವೈಫೈ ಸಂಪರ್ಕಗಳನ್ನು ಮುಚ್ಚಿದ ಮೇಲೆ ಗದ್ದಲ ಇನ್ನೂ ಇಳಿಯಿತು. ಖುಷಿ ಆಗಬೇಕಿತ್ತು. ಹತ್ತೇ ಸಲ ತಾನೇ ಒತ್ತಿದ್ದು, ಹನ್ನೊಂದನೆಯದು ತಪ್ಪಿದರೆ ಎಂಬ ಯೋಚನೆ ಸುಡುತ್ತಿದೆ.

ಮಾರ್ಚ್ 19, ಬುಧವಾರ

ಬ್ಯಾಗು ತುಂಬುತ್ತಿದ್ದೆ. ಟವೆಲು, ಪಂಚೆ, ಬರೆಯುವುದಕ್ಕೆ ಸ್ಲೇಟು ಬಳಪ. ಇವರು ಬಂದು ಒಂದು ಸ್ಟೀಲ್ ಲೋಟವನ್ನು ಪಂಚೆಯ ನಡುವೆ ತೂರಿಸಿದರು. "ಯಾವುದಕ್ಕೂ ಇರ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಕತ್ತೆಯಂತೆ ದುಡಿದಿದ್ದೇನೆ, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಲೋಟ ಕಿತ್ತು ಎಸೆಯಬೇಕು ಅನ್ನಿಸಿತು. ಎತ್ತಿಕೊಂಡೆ. ಮತ್ತೆ ಅಲ್ಲೇ ಇಟ್ಟೆ. ಪಂಚೆ ಮಡಿಸಿ ಮುಚ್ಚಿದೆ.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಗಾಲಿಮಂಚ ಒಂದು ಕ್ಷಣ ನಿಂತಿತು. ಇವರು ಏನೋ ಹೇಳಲು ಹೊರಟರು. ನಾನು ಸುಮ್ಮನೆ ಬಗ್ಗಿದೆ. ಅಷ್ಟರಲ್ಲಿ ಬಾಗಿಲು ತೆರೆದರು, ತಳ್ಳಿದರು. ಇವರು ಹೇಳಿದರು, ತುಟಿ ಆಡಿದ್ದು ಕಂಡಿತು. ಗಾಲಿಯ ಸದ್ದು.

ಕೊನೆಯ ಮಾತು. ನನಗೆ ಕೇಳಿಸಲಿಲ್ಲ.

ಮಾರ್ಚ್ 21, ಶುಕ್ರವಾರ

ಐಸಿಯುವಿನ ಗಾಜಿನ ಆಚೆಯಿಂದ ನೋಡಲು ಬಿಟ್ಟರು. ಉಸಿರಾಡುತ್ತಿದ್ದಾರೆ.

ಮಾರ್ಚ್ 23, ಭಾನುವಾರ

ವಾರ್ಡಿಗೆ ತಂದರು. ಗುಂಡಿಯನ್ನು ನಾನೇ ಕೊರಳಿಗೆ ಹಾಕಿದೆ. ಕುತ್ತಿಗೆಯ ತೂತು ನೋಡಲು ಧೈರ್ಯ ಬರಲಿಲ್ಲ, ಆಮೇಲೆ ನೋಡಿದೆ. ಅಲ್ಲಿಂದ ಬಿಸಿ ಗಾಳಿ ನನ್ನ ಕೈಗೆ ತಗುಲಿತು.

ಮನೆಗೆ ಹೋಗಿ ಎಂದು ದೊಡ್ಡ ಸಿಸ್ಟರ್ ಗದರಿಸಿ ಕಳಿಸಿದರು. ಅತ್ತಿಗೆ ಬಡಿಸಿದ್ದನ್ನು ಮುಚ್ಚಿಟ್ಟೆ. ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆಯೆಲ್ಲ ಆಡಳಿತಾಧಿಕಾರಿಯ ಕೋಣೆಯಲ್ಲಿ ಆ ಒಂದು ಕಡ್ಡಿಯ ರಾಮಾಯಣ. ಮುಗಿಸಿ ಮೇಲೆ ಹೋದೆ. ದೊಡ್ಡ ಸಿಸ್ಟರ್ ಔಷಧಿ ಟ್ರೇ ಜೋಡಿಸುತ್ತಿದ್ದರು. ಹನ್ನೊಂದು ಹೇಗಿದ್ದಾರೆ ಎಂದು ಕೇಳಿದೆ.

"ಚೆನ್ನಾಗಿದಾರೆ. ಬೆಳಿಗ್ಗೆ ಬಚ್ಚಲಲ್ಲಿ ಕಫ ಕಟ್ಕೊಂಡಿತ್ತು. ಬೆಲ್ ಆಯ್ತು, ಹೋದೆ, ತೆಗೆದೆ" ಎಂದು ಮತ್ತೆ ಟ್ರೇ ಕಡೆ ತಿರುಗಿದರು.

ಅಷ್ಟೇ. ನಾನು ಕೆಳಗೆ ಕಡ್ಡಿ ಎಣಿಸುತ್ತಿದ್ದಾಗ ಮೇಲೆ ಇದು ಆಗಿಹೋಗಿದೆ.

ಇವರು ಎದ್ದು ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಕೇಳಿದೆ, "ರೀ, ಅವತ್ತು ಬಾಗಿಲಲ್ಲಿ ಏನ್ ಹೇಳಿದ್ರಿ? ನನಗೆ ಕೇಳಿಸ್ಲಿಲ್ಲ."

ಇವರು ಸ್ಲೇಟು ಎತ್ತಿಕೊಂಡರು. ಅಕ್ಷರ ನಿಧಾನಕ್ಕೆ ಬರುತ್ತಿತ್ತು. 'ಹೆ' ಎಂದು ಬರೆದರು. ಬಳಪ ಜಾರಿ ಬಿತ್ತು, ಎತ್ತಿಕೊಟ್ಟೆ. ಇನ್ನೊಂದು ಅಕ್ಷರ ಬರೆದು ಅಳಿಸಿದರು. ಕಿಟಕಿಯ ಬಿಸಿಲು ಮಂಚದ ಕಾಲಿನ ಹತ್ತಿರ ಸರಿದಿತ್ತು. ಬರೆದು ಮುಗಿಸಿ ಸ್ಲೇಟನ್ನು ನನ್ನ ಕಡೆ ತಿರುಗಿಸಿದರು.

'ಹೆದರಿಕೆ ಆಗ್ತಿದೆ ಅಂದೆ.'

ನಾನಿದೀನಲ್ಲ ಎನ್ನಬಹುದಿತ್ತು, ಯಾವಾಗಲೂ ಹಾಗೇ ಅನ್ನುವವಳು. ಇವರು ಸ್ಲೇಟು ವಾಪಸ್ ತೆಗೆದುಕೊಂಡು ಅದರ ಕೆಳಗೆ ಇನ್ನೊಂದು ಪದ ಬರೆದರು.

'ಈಗಲೂ.'

ಬಳಪ ಇವರ ಕೈಯಿಂದ ತೆಗೆದುಕೊಂಡೆ. ಅದರ ಕೆಳಗೆ 'ನನಗೂ' ಎಂದು ಬರೆದೆ. ನನ್ನ ಗಂಟಲಿಗೆ ಏನೂ ಆಗಿಲ್ಲ, ಆದರೂ ಅದನ್ನು ಬಾಯಲ್ಲಿ ಹೇಳಲು ನನಗೆ ಆಗುತ್ತಿರಲಿಲ್ಲ. ಇವರು ಅದನ್ನು ಓದಿ ಸ್ಲೇಟನ್ನು ಅಳಿಸದೆ ದಿಂಬಿಗೆ ಒರಗಿಸಿಟ್ಟರು.